ಶಾಲೆಗೆ ಬರಲಿರುವ ಥೆರಪಿಸ್ಟರ ಬಗ್ಗೆ: ಚಿಕ್ಕ ತರಗತಿಗಳ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಮುಂದಿನ ತಿಂಗಳಿಂದ ಶಿಶುವಿಹಾರ ಮತ್ತು ಒಂದನೇ ತರಗತಿಯಲ್ಲಿ ಮಾತು ತಡವಾದ ಅಥವಾ ಆಟಿಸಂ (ಮಾತು, ಇತರರ ಜೊತೆ ಬೆರೆಯುವ ರೀತಿ ಬೇರೆಯಾಗಿರುವ ಬೆಳವಣಿಗೆ) ಇರಬಹುದಾದ ಕೆಲವು ಮಕ್ಕಳ ಜೊತೆ ಕೆಲಸ ಮಾಡಲು ಒಬ್ಬ ಸ್ಪೀಚ್ ಥೆರಪಿಸ್ಟ್, ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ (ಬಟ್ಟೆ ಹಾಕುವುದರಂಥ ದಿನದ ಕೆಲಸಗಳನ್ನು ಕಲಿಯಲು ನೆರವಾಗುವವರು), ಒಬ್ಬ ವಿಶೇಷ ಶಿಕ್ಷಕಿ ಶಾಲೆಗೆ ಬರುತ್ತಾರೆ. ಪೋಷಕರ ಸಭೆಯಲ್ಲಿ ಇದನ್ನು ಹೇಳಿದ ಮೇಲೆ ಹಲವರು ಗೇಟಿನ ಹತ್ತಿರ ನಿಲ್ಲಿಸಿ, "ಇವರೆಲ್ಲ ಏನು ಮಾಡ್ತಾರೆ ಮೇಡಂ, ಮೊದಲು ಯಾರ ಹತ್ತಿರ ಹೋಗಬೇಕು?" ಎಂದು ಕೇಳಿದಿರಿ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಮೊದಲು ಮಕ್ಕಳ ವೈದ್ಯರು, ಜೊತೆಗೇ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷಿಸುವವರು. "ಬಾಗಿಲು ಬಡಿದರೆ ತಿರುಗಿ ನೋಡ್ತಾನೆ, ಕಿವಿ ಸರಿಯಾಗೇ ಇದೆ" ಎಂದು ಕಿವಿಯ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಬಾಗಿಲ ಸದ್ದು ಕೇಳುವ ಮಗುವಿಗೆ ಮಾತಿನೊಳಗಿನ ಸ, ಶದಂಥ ಸಣ್ಣ ಧ್ವನಿಗಳು ಕೇಳದೇ ಇರಬಹುದು. ಪರೀಕ್ಷೆಗೆ ಮಗು ಉತ್ತರ ಕೊಡಬೇಕಿಲ್ಲ, ನಿದ್ದೆಯಲ್ಲಿದ್ದಾಗಲೂ ಮಾಡುತ್ತಾರೆ.

ಒಂದು ವರ್ಷವಾದರೂ ಬೆರಳು ತೋರಿಸುವುದು, ಟಾಟಾ ಮಾಡುವುದು ಯಾವುದೂ ಇಲ್ಲದಿದ್ದರೆ, 16 ತಿಂಗಳಾದರೂ ಒಂದು ಪದ ಬಾರದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಸೇರಿಸಿ ತಾನಾಗಿ ಹೇಳದಿದ್ದರೆ ವೈದ್ಯರಿಗೆ ತೋರಿಸಿ. ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ನಿಂತುಹೋಗಲಿ, ಒಂದು ವಾರವೂ ತಡ ಮಾಡಬೇಡಿ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಎಂದು ಅಜ್ಜಿ ಹೇಳುವುದು ನಿಜವೇ ಇರಬಹುದು. ಆದರೂ ತೋರಿಸಿ.

ಆಟಿಸಂ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಮಕ್ಕಳ ಬೆಳವಣಿಗೆಯ ತಜ್ಞ ವೈದ್ಯರು, ಮಕ್ಕಳ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ನಾನಾಗಲಿ, ನಿಮ್ಮ ಮಗುವಿನ ಟೀಚರ್ ಆಗಲಿ ಅಲ್ಲ. ರಕ್ತಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಇದು ಗೊತ್ತಾಗುವುದಿಲ್ಲ. ಮಗುವನ್ನು ಆಡಿಸಿ ನೋಡಿ, ನಿಮ್ಮನ್ನು ಗಂಟೆಗಟ್ಟಲೆ ಕೇಳಿ ತಿಳಿದುಕೊಳ್ಳುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಹೆಚ್ಚಿನ ತಪಾಸಣೆ ಬೇಕೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಮೊಬೈಲಿನಲ್ಲಿ ತುಂಬಿ, ಬಂದ ಅಂಕ ನೋಡಿ ರಾತ್ರಿಯೆಲ್ಲ ಅಳಬೇಡಿ.

ತಪಾಸಣೆಯ ಸರದಿ ಬರಲು ತಿಂಗಳುಗಳೇ ಹಿಡಿಯಬಹುದು. ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ವರದಿ ಬರಲಿ ಎಂದು ಥೆರಪಿಗೆ ಕಾಯಬೇಡಿ. ಮಾತು ತಡವಾಗಿದ್ದರೆ ಅದರ ಕೆಲಸ ಇವತ್ತೇ ಶುರುವಾಗಬಹುದು. ತೊಂದರೆಗೆ ವರದಿಯಲ್ಲಿ ಆಮೇಲೆ ಯಾವ ಹೆಸರು ಬಂದರೂ ಮಾಡಿದ ಕೆಲಸ ವ್ಯರ್ಥವಾಗುವುದಿಲ್ಲ.

ಸ್ಪೀಚ್ ಥೆರಪಿಸ್ಟ್ ಎಂದರೆ ಅ ಆ ಇ ಈ ಹೇಳಿಸುವವರು ಎಂದುಕೊಂಡವರು ಒಮ್ಮೆ ಅವರ ಪಕ್ಕ ಕುಳಿತು ನೋಡಬೇಕು. ಮಗುವಿಗೆ ಇಷ್ಟವಾದ ಕಾರನ್ನು ಪಾರದರ್ಶಕ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿ ಮಾಡಿ ಕೈಗೆ ಕೊಡುತ್ತಾರೆ. ಮಗು ತಿರುವುತ್ತದೆ, ಕುಟ್ಟುತ್ತದೆ, ಬರುವುದಿಲ್ಲ. ಅವರು ಸುಮ್ಮನೆ ಮಗುವಿನ ಎತ್ತರಕ್ಕೆ ಕುಳಿತು ಕಾಯುತ್ತಾರೆ. ಐದು ಸೆಕೆಂಡ್, ಹತ್ತು ಸೆಕೆಂಡ್. ಕೊನೆಗೆ ಮಗು ಡಬ್ಬಿಯನ್ನು ಅವರ ಕೈಗೆ ತುರುಕಿ ಒಂದು ಕ್ಷಣ ಮುಖ ನೋಡುತ್ತದೆ. "ತೆಗಿ!" ಎಂದು ಮಗುವಿನ ಪರವಾಗಿ ಹೇಳಿ ತಕ್ಷಣ ತೆಗೆದುಕೊಡುತ್ತಾರೆ. ಮಾತು ಕಲಿಯುವುದು ಇಂಥ ಕಡೆ. ಮನೆಯಲ್ಲಿ ನಾವು ಮಗು ಕೇಳುವ ಮೊದಲೇ ಎಲ್ಲವನ್ನೂ ಕೊಟ್ಟುಬಿಡುತ್ತೇವೆ.

ನೀರು ಬೇಕಾದಾಗ "ನೀರು ಬೇಕಾ?" ಎಂದೇ ಕೇಳುವ ಮಕ್ಕಳಿದ್ದಾರೆ. ನಿಮ್ಮ ಬಾಯಲ್ಲಿ ಕೇಳಿದ್ದನ್ನು ಇಡಿಯಾಗಿ ಎತ್ತಿಕೊಂಡಿದ್ದಾರೆ, ಅಣಕಿಸುತ್ತಿಲ್ಲ. "ನೀರು ಬೇಕು" ಎಂದು ಅವರ ಮಾತಿನಲ್ಲಿ ಹೇಳಿ ಕೊಡಿ, ಬೈಯಬೇಡಿ. ಬೇಕಾದ್ದನ್ನು ತೋರಿಸಿ ಕೇಳಲೆಂದು ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನೋ ಟ್ಯಾಬ್ಲೆಟ್ ಕಂಪ್ಯೂಟರನ್ನೋ ಕೊಟ್ಟರೆ "ಇನ್ನು ಮಾತೇ ಬರಲ್ಲ" ಎಂದು ಹೆದರಬೇಡಿ. ಅವು ಮಾತಿಗೆ ಅಡ್ಡಿಯಲ್ಲ ಎಂಬುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ.

ಆಕ್ಯುಪೇಷನಲ್ ಥೆರಪಿಸ್ಟರ ಕೆಲಸ ಹೊರಗಿನವರಿಗೆ ಬರೀ ಆಟದ ಹಾಗೆ ಕಾಣುತ್ತದೆ: ಉಯ್ಯಾಲೆ, ಮಣಿ ಪೋಣಿಸುವುದು, ಗುಂಡಿ ಹಾಕುವುದು. ಬೆಲ್ ಹೊಡೆದಾಗ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುವ ಮಗು, ಅಂಗಿಯ ಲೇಬಲ್ ಚುಚ್ಚುತ್ತದೆಂದು ದಿನವಿಡೀ ಕಿರಿಕಿರಿಗೊಳ್ಳುವ ಮಗು ಇವರ ಕಣ್ಣಿಗೆ ಹಠಮಾರಿಯಲ್ಲ. ಆ ಸದ್ದು, ಆ ಸ್ಪರ್ಶ ಅದಕ್ಕೆ ನಿಜವಾಗಿಯೂ ಸಹಿಸಲಾಗದಷ್ಟು ಇರುತ್ತದೆ. ಬೆಲ್ಲಿಗೆ ಎರಡು ನಿಮಿಷ ಮೊದಲು ಹೇಳಿ, ಲೇಬಲ್ ಕತ್ತರಿಸಿ ಎಂಬಂಥ ಸಲಹೆ ಕೊಡುತ್ತಾರೆ. ಸಣ್ಣವೆನಿಸಿದರೂ ಪಾಲಿಸಿ.

ವಿಶೇಷ ಶಿಕ್ಷಕಿ ಪಾಠವನ್ನು ಮಗುವಿಗೆ ಹೊಂದಿಸುತ್ತಾರೆ, ನಮ್ಮ ಟೀಚರುಗಳಿಗೂ ಕಲಿಸುತ್ತಾರೆ. ವರ್ತನೆಯ ಮೇಲೆ ಕೆಲಸ ಮಾಡುವ ಥೆರಪಿಸ್ಟರು ಹೊರಗಡೆ ನಿಮಗೆ ಸಿಗುತ್ತಾರೆ, ಒಳ್ಳೆಯವರೂ ಇದ್ದಾರೆ. ಆದರೆ "ನನ್ನ ಕಣ್ಣು ನೋಡು" ಎಂದು ಗಲ್ಲ ಹಿಡಿದು ತಿರುಗಿಸುವವರನ್ನು, ನಿಮ್ಮನ್ನು ಕೋಣೆಯೊಳಗೇ ಬಿಡದವರನ್ನು ನಾನು ನಂಬುವುದಿಲ್ಲ.

"ಆರು ತಿಂಗಳಲ್ಲಿ ಪೂರ್ತಿ ವಾಸಿ" ಎನ್ನುವವರಿಂದಂತೂ ದೂರವಿರಿ. ಆಟಿಸಂ ವಾಸಿಮಾಡುವ ಮಾತ್ರೆಯಾಗಲಿ ಪಥ್ಯವಾಗಲಿ ಇಲ್ಲ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹಬ್ಬಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ತಾಯಂದಿರಿಗೆ ಇನ್ನೊಂದು ಮಾತು. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದ ಮೇಲೆ, ತಾಯಿಗೆ ಪ್ರೀತಿ ಸಾಲದ್ದಕ್ಕೇ ಹೀಗಾಗುತ್ತದೆಂದು ವೈದ್ಯರೇ ಹೇಳುತ್ತಿದ್ದ ಕಾಲವೊಂದಿತ್ತು. ಅದು ತಪ್ಪೆಂದು ಗೊತ್ತಾಗಿ ದಶಕಗಳಾಗಿವೆ. ಮನೆಯಲ್ಲಿ ಯಾರಾದರೂ ಇನ್ನೂ ಹಾಗೆ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ.

ಥೆರಪಿಸ್ಟರ ಕೈಗೆ ಮಗು ಸಿಗುವುದು ವಾರಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ನಿಮ್ಮ ಜೊತೆ, ನಮ್ಮ ಜೊತೆ. ಹಾಗಾಗಿ ಪ್ರತಿ ಸಲ ಕೇಳಿ: ಈಗ ಯಾವುದರ ಮೇಲೆ ಕೆಲಸ ನಡೆದಿದೆ, ಸ್ನಾನದ ಹೊತ್ತಿನಲ್ಲಿ, ಬಟ್ಟೆ ಹಾಕುವಾಗ ನಾವು ಏನು ಮಾಡಬಹುದು? ಉತ್ತರವನ್ನು ಮಗುವಿನ ಡೈರಿಯಲ್ಲಿ ಬರೆಯಿರಿ, ನಮ್ಮ ಟೀಚರ್ ಅದೇ ಕೆಲಸವನ್ನು ತರಗತಿಯಲ್ಲೂ ಮಾಡುತ್ತಾರೆ.

ಈ ಪತ್ರದ ಜೊತೆ ಒಪ್ಪಿಗೆ ಪತ್ರವಿದೆ. ನೀವು ಸಹಿ ಹಾಕದೆ ಯಾವ ಮಗುವನ್ನೂ ಥೆರಪಿಸ್ಟರು ನೋಡುವುದಿಲ್ಲ. ಹಳೆಯ ವರದಿಗಳಿದ್ದರೆ ಜೆರಾಕ್ಸ್ ಸಾಕು, ಮೂಲಪ್ರತಿ ನಿಮ್ಮಲ್ಲೇ ಇರಲಿ. ಮಗುವಿನ ಬ್ಯಾಗಿನಲ್ಲಿ ಇಟ್ಟು ಕಳಿಸಬೇಡಿ, ನನ್ನ ಕೈಗೇ ಕೊಡಿ. ಅವು ನನ್ನ ಬೀರುವಿನಲ್ಲಿರುತ್ತವೆ, ಬೀಗದ ಕೈ ನನ್ನ ಬಳಿ.

ಇತಿ,
ಮುಖ್ಯ ಶಿಕ್ಷಕಿ