ಕೈ–ಕಾಲಿನ ಆಕ್ಸಿಜನ್ ಅಳೆಯದೆ ಮಗುವನ್ನು ಮನೆಗೆ ಕಳಿಸಬೇಡಿ

ಸಂಪಾದಕರಿಗೆ,

ಮಾನ್ಯರೆ,

ಹುಟ್ಟು ಹೃದಯದೋಷ ಎಂದಾಕ್ಷಣ ‘ಹೃದಯದಲ್ಲಿ ತೂತು’ ಎಂದುಕೊಳ್ಳುವವರೇ ಹೆಚ್ಚು. ಆದರೆ ಹುಟ್ಟಿದ ಮೊದಲ ವಾರದಲ್ಲೇ ಜೀವಕ್ಕೆ ಎರವಾಗುವ ದೋಷ ಬೇರೆಯೇ ಇದೆ: ಮಹಾನಾಳಗಳ ಅದಲು ಬದಲು (ಟ್ರಾನ್ಸ್‌ಪೊಸಿಷನ್). ಮಹಾಪಧಮನಿ ಬಲ ಹೃತ್ಕುಕ್ಷಿಯಿಂದಲೂ ಶ್ವಾಸಕೋಶದ ಅಪಧಮನಿ ಎಡ ಹೃತ್ಕುಕ್ಷಿಯಿಂದಲೂ ಹೊರಟು, ಎರಡೂ ಅದಲು ಬದಲಾಗಿರುತ್ತವೆ. ಮೈಯಿಂದ ಬಂದ ರಕ್ತ ಆಕ್ಸಿಜನ್ ಸಿಗದೆ ಮತ್ತೆ ಮೈಗೇ ಹೋಗುತ್ತದೆ. ಶ್ವಾಸಕೋಶದಿಂದ ಬಂದದ್ದು ಶ್ವಾಸಕೋಶಕ್ಕೇ ಮರಳುತ್ತದೆ. ಹೃತ್ಕರ್ಣಗಳ ನಡುವಿನ ಕಿಂಡಿ ಮತ್ತು ಗರ್ಭಕಾಲದಲ್ಲಿ ಆ ಎರಡು ನಾಳಗಳನ್ನು ಜೋಡಿಸಿದ್ದ ಡಕ್ಟಸ್ ನಾಳದ ಮೂಲಕ ಇವೆರಡೂ ಅಷ್ಟಿಷ್ಟು ಬೆರೆಯುವವರೆಗಷ್ಟೇ ಮಗುವಿಗೆ ಉಸಿರು. ಡಕ್ಟಸ್ ಒಂದೆರಡು ದಿನಗಳಲ್ಲೇ ಮುಚ್ಚತೊಡಗುತ್ತದೆ.

ಇಂಥ ಮಗು ಹುಟ್ಟುವಾಗ ಸಾಮಾನ್ಯವಾಗಿ ಒಳ್ಳೆಯ ತೂಕವಿರುತ್ತದೆ, ಸ್ಟೆತೊಸ್ಕೋಪಿಗೆ ಮರ್ಮರ್ (ಹೃದಯದ ಅಸಹಜ) ಸದ್ದೂ ಸಿಗದಿರಬಹುದು. ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇ 85ಕ್ಕೆ ಇಳಿದಿದ್ದರೂ ನೀಲಿ ಬಣ್ಣ ಬರಿಗಣ್ಣಿಗೆ ಕಾಣದೇ ಹೋಗಬಹುದು, ಕಪ್ಪು ಮೈಬಣ್ಣದ ಮಕ್ಕಳಲ್ಲಂತೂ ಇನ್ನೂ ಕಷ್ಟ. ಅಂಗೈ ಅಂಗಾಲು ನೀಲಿಯಾಗುವುದು ಎಳೆಯ ಮಕ್ಕಳಲ್ಲಿ ಸಹಜ, ನೋಡಬೇಕಾದದ್ದು ನಾಲಿಗೆಯನ್ನು.

ಆದ್ದರಿಂದ ಹುಟ್ಟಿ 24 ಗಂಟೆಯಾದ ಮೇಲೆ, ಡಿಸ್ಚಾರ್ಜ್‌ಗೆ ಮೊದಲು, ಪ್ರತಿ ಮಗುವಿನ ಬಲಗೈಗೆ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಾಕಲೇಬೇಕು. ಎರಡೂ ಕಡೆ 95 ಅಥವಾ ಹೆಚ್ಚಿದ್ದು, ವ್ಯತ್ಯಾಸ 3ರೊಳಗಿದ್ದರೆ ಸರಿ. ಎಲ್ಲೇ ಆಗಲಿ 90ಕ್ಕಿಂತ ಕಡಿಮೆ ಬಂದರೆ ಕಾಯುವ ಮಾತಿಲ್ಲ, ಕೂಡಲೇ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್). ನಡುವಿನ ಅಂಕಿಗಳಿಗೆ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಮಗು ಅಳುತ್ತಿದ್ದರೆ, ಕಾಲು ತಣ್ಣಗಿದ್ದರೆ ಅಂಕಿ ನಂಬುವಂತಿಲ್ಲ. ಬಲಗೈಯೇ ಏಕೆಂದರೆ, ಅದಕ್ಕೆ ಹೋಗುವ ರಕ್ತ ಡಕ್ಟಸ್ ಸೇರುವ ಜಾಗಕ್ಕಿಂತ ಮೊದಲೇ ಕವಲೊಡೆದಿರುತ್ತದೆ.

ಈ ಪರೀಕ್ಷೆ ಎಲ್ಲವನ್ನೂ ಹಿಡಿಯದು. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಎಡ ಕೊರೊನರಿ ನಾಳ ಶ್ವಾಸಕೋಶದ ಅಪಧಮನಿಯಿಂದ ಹುಟ್ಟಿದ್ದರೆ ಸ್ಯಾಚುರೇಷನ್ ಸರಿಯಾಗಿಯೇ ಇರುತ್ತದೆ. ಕೆಲ ವಾರಗಳ ನಂತರ ಹಾಲು ಕುಡಿಯುವಾಗ ಬೆವರಿ, ಬಿಳಿಚಿಕೊಂಡು, ಚೀರುವ ಮಗುವನ್ನು ‘ಹೊಟ್ಟೆನೋವು’ ಎಂದು ಕಳಿಸದೆ ಇಸಿಜಿ ತೆಗೆಯಬೇಕು.

ಗರ್ಭಿಣಿಯ 18–22 ವಾರಗಳ ಸ್ಕ್ಯಾನ್ ಬಗ್ಗೆಯೂ ಹೇಳಲೇಬೇಕು. ನಾಳಗಳು ಅದಲು ಬದಲಾದಾಗಲೂ ಹೃದಯದ ನಾಲ್ಕು ಕೋಣೆಗಳ ಚಿತ್ರ ಸರಿಯಾಗಿಯೇ ಕಾಣುತ್ತದೆ. ‘ನಾಲ್ಕೂ ಕೋಣೆ ನಾರ್ಮಲ್’ ಎಂಬ ವರದಿಯಿಂದ ಏನೂ ಸಾಬೀತಾಗದು. ಹೊರಡುವ ಎರಡು ನಾಳಗಳು ಒಂದನ್ನೊಂದು ದಾಟಿ ಹೋಗುತ್ತಿವೆಯೇ (ಇದು ಸಹಜ), ಅಕ್ಕಪಕ್ಕ ಸಮಾನಾಂತರವಾಗಿವೆಯೇ (ಇದು ದೋಷದ ಸುಳಿವು) ಎಂದು ನೋಡಿ ಬರೆದಿರಬೇಕು. ತಾಯಿಗೆ ಮೊದಲಿನಿಂದಲೇ ಮಧುಮೇಹವಿದ್ದರೆ ಭ್ರೂಣದ ಎಕೋ ಮಾಡಿಸುವುದು ಒಳಿತು.

ದೋಷ ಸಿಕ್ಕರೆ ದಾರಿಯಿದೆ. ನಾಳಗಳನ್ನು ಕತ್ತರಿಸಿ ಅವುಗಳ ಜಾಗಕ್ಕೆ ಹೊಲಿದು, ಕೊರೊನರಿಗಳನ್ನೂ ಸ್ಥಳಾಂತರಿಸುವ ಶಸ್ತ್ರಚಿಕಿತ್ಸೆಯನ್ನು 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಾಟೆನೆ ಮಾಡಿ ತೋರಿಸಿದರು. ಬೇರೆ ತೂತುಗಳಿಲ್ಲದಿದ್ದರೆ ಇದು ಮೊದಲ ಕೆಲವು ವಾರಗಳಲ್ಲೇ ಆಗಬೇಕು. ತಡವಾದರೆ ಕಡಿಮೆ ಒತ್ತಡಕ್ಕೆ ಒಗ್ಗಿಹೋದ ಎಡ ಹೃತ್ಕುಕ್ಷಿ ಇಡೀ ಮೈಗೆ ರಕ್ತ ತಳ್ಳಲಾರದು.

ಅಲ್ಲಿಯವರೆಗೆ ಮಗುವನ್ನು ಕಾಪಾಡುವುದು ಡಕ್ಟಸ್ ಮುಚ್ಚದಂತೆ ತಡೆಯುವ ಔಷಧ, ಪ್ರೊಸ್ಟಾಗ್ಲಾಂಡಿನ್ ಇ1. ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಟ್ಟರೂ ಸ್ಯಾಚುರೇಷನ್ ಏರದ ಮಗುವಿಗೆ ಎಕೋಗಾಗಿ ಕಾಯದೆ ಇದನ್ನು ಶುರುಮಾಡಬೇಕು: ಕಿಲೋ ತೂಕಕ್ಕೆ ನಿಮಿಷಕ್ಕೆ 0.01ರಿಂದ 0.1 ಮೈಕ್ರೋಗ್ರಾಂ. ಉಸಿರು ನಿಲ್ಲುವ ಅಪಾಯವಿರುವುದರಿಂದ ಉಸಿರು ಕೊಡುವ ಬ್ಯಾಗ್, ಮಾಸ್ಕ್ ಕೈಗೆಟಕುವಂತಿರಲಿ. ಆಂಬುಲೆನ್ಸ್ ಹತ್ತಿಸುವ ಮುನ್ನ ಎರಡನೇ ಐವಿ ಲೈನ್ ಹಾಕಿಕೊಳ್ಳಿ. ಇರುವ ಒಂದೇ ಲೈನ್ ದಾರಿಯಲ್ಲಿ ಕಿತ್ತುಬಂದರೆ ಔಷಧದ ಪರಿಣಾಮ ನಿಮಿಷಗಳಲ್ಲೇ ಇಳಿಯುತ್ತದೆ.

– ಮಕ್ಕಳ ಹೃದ್ರೋಗ ವೈದ್ಯರು