ಅಮೆರಿಕದಲ್ಲಿ ಲೆಕ್ಕಕ್ಕೆ ಬಾರದ ಮತಗಳು

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರ ಚುನಾವಣೆ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ವಾದ ಕೇಳಿಸುತ್ತವೆ. ಎಲೆಕ್ಟೊರಲ್ ಕಾಲೇಜ್, ಅಂದರೆ ಪ್ರತಿ ರಾಜ್ಯದಿಂದ ಇಂತಿಷ್ಟು ಎಲೆಕ್ಟರ್‌ಗಳು (ಪ್ರತಿನಿಧಿಗಳು) ಮತ ಹಾಕಿ ಅಧ್ಯಕ್ಷರನ್ನು ಆರಿಸುವ ಪದ್ಧತಿ, ಸಣ್ಣ ರಾಜ್ಯಗಳನ್ನು ಕಾಪಾಡುತ್ತದೆ ಅನ್ನುವುದು ಒಂದು. ನಾವೂ ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ, ಅವರನ್ನು ಯಾಕೆ ಆಡಿಕೊಳ್ಳಬೇಕು ಅನ್ನುವುದು ಇನ್ನೊಂದು. ಎರಡಕ್ಕೂ ನನ್ನ ತಕರಾರಿದೆ.

ಕಾಗದದ ಮೇಲೆ ಸಣ್ಣ ರಾಜ್ಯಕ್ಕೆ ಲಾಭ ಇರುವುದು ನಿಜ. ಸುಮಾರು 5.8 ಲಕ್ಷ ಜನರಿರುವ ವಯೋಮಿಂಗ್‌ಗೆ 3 ಎಲೆಕ್ಟೊರಲ್ ಮತ. 3.9 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಗೆ 54. ತಲೆ ಲೆಕ್ಕದಲ್ಲಿ ವಯೋಮಿಂಗಿನವರ ಮತಕ್ಕೆ ಮೂರೂವರೆ ಪಟ್ಟಿಗೂ ಜಾಸ್ತಿ ತೂಕ. ಆದರೆ ಆ ತೂಕ ನೋಡಿ ಯಾವ ಅಭ್ಯರ್ಥಿ ವಯೋಮಿಂಗ್‌ಗೆ ಪ್ರಚಾರಕ್ಕೆ ಹೋಗುತ್ತಾರೆ? 2024ರಲ್ಲಿ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ಇಬ್ಬರೂ ಹೆಚ್ಚಾಗಿ ಸುತ್ತಿದ್ದು ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಅರಿಜೋನಾ, ನೆವಾಡಾ ಈ ಏಳು ರಾಜ್ಯಗಳಲ್ಲಿ. ಪೆನ್ಸಿಲ್ವೇನಿಯಾದ ಜನಸಂಖ್ಯೆ ಸುಮಾರು 1.3 ಕೋಟಿ. ಅದನ್ನು ಸಣ್ಣ ರಾಜ್ಯ ಅನ್ನೋಕಾಗಲ್ಲ, ಅಲ್ವಾ? ಈ ಪದ್ಧತಿಯಲ್ಲಿ ಬೆಲೆ ಬರುವುದು ಪೈಪೋಟಿ ಸಮಸಮ ಇರುವ ರಾಜ್ಯಕ್ಕೆ. ಅದು ಸಣ್ಣದೋ ದೊಡ್ಡದೋ, ಯಾರೂ ಕೇಳುವುದಿಲ್ಲ.

ಹೀಗಾಗಲು ಕಾರಣ, ರಾಜ್ಯದಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ಅಲ್ಲಿನ ಎಲ್ಲ ಎಲೆಕ್ಟೊರಲ್ ಮತಗಳೂ ಸೇರುತ್ತವೆ ಅನ್ನುವ ನಿಯಮ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದ 48 ರಾಜ್ಯಗಳಲ್ಲೂ, ರಾಜಧಾನಿ ವಾಷಿಂಗ್ಟನ್ನಿನಲ್ಲೂ ಇದೇ. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟ್ರಂಪ್‌ಗೆ 60 ಲಕ್ಷ ಮತ ಬಿತ್ತು. ಅವರು ಗೆದ್ದ ಟೆಕ್ಸಾಸ್‌ನಲ್ಲಿ ಸಿಕ್ಕಿದ್ದಕ್ಕಿಂತ ಅದು ಜಾಸ್ತಿ! ಅದರಿಂದ ಅವರಿಗೆ ಬಂದ ಎಲೆಕ್ಟೊರಲ್ ಮತ ಸೊನ್ನೆ. ಅದೇ ಸಲ ಟೆಕ್ಸಾಸ್‌ನಲ್ಲಿ ಬೈಡನ್‌ಗೆ ಬಿದ್ದ 52 ಲಕ್ಷ ಮತಗಳ ಗತಿಯೂ ಅಷ್ಟೇ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನೆಲೆಸಿ ಅಲ್ಲಿನ ಪೌರರಾಗಿರುವ ನಮ್ಮ ಕನ್ನಡಿಗರೂ ಹೀಗೆ ಮೊದಲೇ ಫಲಿತಾಂಶ ಗೊತ್ತಿರುವ ರಾಜ್ಯಗಳಲ್ಲೇ ಮತ ಹಾಕುತ್ತಾರೆ.

ನಮ್ಮ ಲೆಕ್ಕಕ್ಕೆ ತಂದು ನೋಡಿ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ ಶೇ 46, ಕಾಂಗ್ರೆಸ್ಸಿಗೆ ಶೇ 45ರ ಆಸುಪಾಸು ಮತ ಬಂತು. ಸ್ಥಾನ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2. ಅಮೆರಿಕದ ನಿಯಮ ಇಲ್ಲಿದ್ದಿದ್ದರೆ 28ಕ್ಕೆ 28ನ್ನೂ ಬಿಜೆಪಿಗೆ ಬರೆದುಕೊಡಬೇಕಿತ್ತು. ಕಾಂಗ್ರೆಸ್ಸಿಗೆ ಮತ ಹಾಕಿದವರು ಸುಮ್ನೆ ಸಾಲಿನಲ್ಲಿ ನಿಂತು ಬಂದಂತೆ.

ಈ ನಿಯಮ ಅಮೆರಿಕದ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಎಲೆಕ್ಟರ್‌ಗಳನ್ನು ಹೇಗೆ ಆರಿಸಬೇಕು ಅನ್ನುವುದನ್ನು ಸಂವಿಧಾನ ರಾಜ್ಯಗಳ ಶಾಸಕಾಂಗಕ್ಕೆ ಬಿಟ್ಟಿದೆ. 1796ರ ಅಧ್ಯಕ್ಷರ ಚುನಾವಣೆಯಲ್ಲಿ ಜೆಫರ್‌ಸನ್ ಮೂರೇ ಎಲೆಕ್ಟೊರಲ್ ಮತಗಳಿಂದ ಆಡಮ್ಸ್‌ಗೆ ಸೋತರು. ಅವರ ಸ್ವಂತ ರಾಜ್ಯ ವರ್ಜೀನಿಯಾದಲ್ಲೇ ಒಂದು ಮತ ಆಡಮ್ಸ್ ಕಡೆ ಹೋಗಿತ್ತು. 1800ರ ಚುನಾವಣೆ ಹೊತ್ತಿಗೆ ವರ್ಜೀನಿಯಾ ಕಾನೂನನ್ನೇ ಬದಲಿಸಿತು. ಗೆದ್ದವರಿಗೇ ಎಲ್ಲಾ ಅಂತಾಯಿತು. ಆಡಮ್ಸ್ ಅವರ ಮ್ಯಾಸಚೂಸೆಟ್ಸ್ ತಾನೂ ಬಿಡಲಿಲ್ಲ, ತನ್ನವರಿಗೆ ಅನುಕೂಲವಾಗುವಂತೆ ಆಯ್ಕೆಯ ವಿಧಾನ ಬದಲಿಸಿತು. 1836ರಷ್ಟರಲ್ಲಿ ಸೌತ್ ಕ್ಯಾರೊಲಿನಾ ಬಿಟ್ಟು ಎಲ್ಲ ರಾಜ್ಯಗಳೂ ವರ್ಜೀನಿಯಾದ ದಾರಿ ಹಿಡಿದಿದ್ದವು. ಇವತ್ತು ಇದನ್ನು ಸಂವಿಧಾನ ಬರೆದ ಹಿರಿಯರ ದೂರದೃಷ್ಟಿ ಅಂತ ಹೊಗಳುವವರು, ಅದು ಪಕ್ಷಗಳ ಜಿದ್ದಿನಿಂದ ಹುಟ್ಟಿದ್ದು ಅನ್ನುವುದನ್ನು ಮರೆಯುತ್ತಾರೆ.

ಪರಿಣಾಮ ಎಲ್ಲರಿಗೂ ಗೊತ್ತು. 2000ದಲ್ಲಿ ಅಲ್ ಗೋರ್‌ಗೆ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದರೂ ಫ್ಲೋರಿಡಾದ 537 ಮತಗಳಿಂದ ಬುಷ್ ಅಧ್ಯಕ್ಷರಾದರು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಜಾಸ್ತಿ ಮತ ಬಂದರೂ ಸೋಲು. ಇದು ಬರೀ ಡೆಮಾಕ್ರಟರ ಗೋಳು ಅಂದುಕೊಳ್ಳಬೇಡಿ. 2004ರಲ್ಲಿ ಬುಷ್ 30 ಲಕ್ಷ ಮತ ಮುಂದಿದ್ದರು. ಒಹಾಯೊ ರಾಜ್ಯ ಒಂದು ಕೈಕೊಟ್ಟಿದ್ದರೆ ಡೆಮಾಕ್ರಟರ ಅಭ್ಯರ್ಥಿ ಕೆರಿ ಅಧ್ಯಕ್ಷರಾಗುತ್ತಿದ್ದರು. ಈ ಪದ್ಧತಿ ಪ್ರಜಾಪ್ರಭುತ್ವಕ್ಕೆ ವಿಪತ್ತು ಅಂತ 2012ರಲ್ಲಿ ಟ್ವೀಟ್ ಮಾಡಿದ್ದು ಬೇರೆ ಯಾರೂ ಅಲ್ಲ, ಟ್ರಂಪ್!

ಇನ್ನು ‘ನಮ್ಮಲ್ಲೂ ಹಾಗೇ’ ಅನ್ನುವ ವಾದ. ಕಡಿಮೆ ಮತ ಪಡೆದವರಿಗೆ ಹೆಚ್ಚು ಸ್ಥಾನ ಬರುವುದು ನಮ್ಮಲ್ಲೂ ಉಂಟು. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36ರಷ್ಟು ಮತ. ಆದರೂ ಬಿಜೆಪಿ 104 ಸ್ಥಾನ ಗೆದ್ದು ಮೊದಲ ಸ್ಥಾನದಲ್ಲಿತ್ತು. ಮುಂದೆ ಏನಾಯಿತು? ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪ ಬಹುಮತ ಇಲ್ಲದೆ ಮೂರನೇ ದಿನ ರಾಜೀನಾಮೆ ಕೊಟ್ಟರು. 1999ರಲ್ಲಿ ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿತ್ತು. ನಾವು ಆರಿಸಿದವರು ಸದನದಲ್ಲೇ ಇರುತ್ತಾರೆ, ಬೇಡ ಅನಿಸಿದರೆ ನಾಯಕನನ್ನು ಇಳಿಸಬಹುದು. ಅಮೆರಿಕದ ಎಲೆಕ್ಟರ್‌ಗಳು ಡಿಸೆಂಬರ್‌ನ ಒಂದು ದಿನ ತಮ್ಮ ತಮ್ಮ ರಾಜ್ಯದಲ್ಲಿ ಸೇರಿ ಮತ ಹಾಕಿ ಮನೆಗೆ ಹೋಗುತ್ತಾರೆ. ಆಮೇಲೆ ಅವರಿಗೆ ಯಾವ ಕೆಲಸವೂ ಇಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಹಾಗಂತ ದೇಶದ ಒಟ್ಟು ಮತ ಎಣಿಸಿ ಅಧ್ಯಕ್ಷರನ್ನು ನೇರವಾಗಿ ಆರಿಸುವುದರಲ್ಲಿ ತೊಡಕೇ ಇಲ್ಲ ಅನ್ನುತ್ತಿಲ್ಲ. ಅಂತರ ತೀರಾ ಕಡಿಮೆಯಾದರೆ ಫ್ಲೋರಿಡಾದ ಮರುಎಣಿಕೆಯ ರಗಳೆ 50 ರಾಜ್ಯಗಳಲ್ಲೂ ಆಗಬಹುದು. 1992ರಲ್ಲಿ ಬಿಲ್ ಕ್ಲಿಂಟನ್‌ಗೆ ಶೇ 43ರಷ್ಟೇ ಮತ ಬಂದಿತ್ತು. ಅಷ್ಟಕ್ಕೇ ಗೆಲುವು ಕೊಡಬೇಕೋ, ಫ್ರಾನ್ಸಿನಂತೆ ಎರಡನೇ ಸುತ್ತು ಬೇಕೋ? ನನ್ನ ಮಟ್ಟಿಗೆ ಎರಡನೇ ಸುತ್ತು ಇರಲೇಬೇಕು. ಅಲ್ಲಿನ ಸಂಸತ್ತಿನ ಕ್ಷೇತ್ರವಾರು ಎಲೆಕ್ಟೊರಲ್ ಮತ ಹಂಚುವ ನೆಬ್ರಾಸ್ಕಾ ಮಾದರಿ ಮಾತ್ರ ಬೇಡ. ದೇಶವೆಲ್ಲ ಅದೇ ಲೆಕ್ಕ ಹಿಡಿದಿದ್ದರೆ 2012ರಲ್ಲಿ ಸುಮಾರು 50 ಲಕ್ಷ ಮತ ಹಿಂದಿದ್ದ ರಿಪಬ್ಲಿಕನ್ ಅಭ್ಯರ್ಥಿ ರೋಮ್ನಿ ಗೆಲ್ಲುತ್ತಿದ್ದರು. ಕ್ಷೇತ್ರದ ಗಡಿ ಗೀಚುವವರ ಕೈಗೆ ಶ್ವೇತಭವನದ ಬೀಗದ ಕೈ ಕೊಟ್ಟಂತಾಗುತ್ತದೆ.

ಸಂವಿಧಾನ ತಿದ್ದಲು 38 ರಾಜ್ಯಗಳು ಒಪ್ಪಬೇಕು. ಅದು ಸದ್ಯಕ್ಕಿಲ್ಲ. ದೇಶದಲ್ಲಿ ಹೆಚ್ಚು ಮತ ಪಡೆದವರಿಗೇ ನಮ್ಮ ಎಲೆಕ್ಟೊರಲ್ ಮತ ಅಂತ ಕೆಲವು ರಾಜ್ಯಗಳು ಒಪ್ಪಂದ ಮಾಡಿಕೊಳ್ಳುತ್ತಿವೆ. 2007ರಲ್ಲಿ ಮೇರಿಲ್ಯಾಂಡ್‌ನಿಂದ ಶುರುವಾದ ಇದು 2024ರ ಹೊತ್ತಿಗೆ 209 ಎಲೆಕ್ಟೊರಲ್ ಮತ ತಲುಪಿತ್ತು. ಜಾರಿಯಾಗಲು ಬಹುಮತ, ಅಂದರೆ 270 ಬೇಕು. ಸೇರಿದವೆಲ್ಲ ಡೆಮಾಕ್ರಟರ ಕಡೆಯ ರಾಜ್ಯಗಳೇ ಅನ್ನುವುದು ಇದರ ದೊಡ್ಡ ಕೊರತೆ. 2024ರಲ್ಲಿ ಟ್ರಂಪ್ ಎರಡೂ ಲೆಕ್ಕದಲ್ಲಿ ಗೆದ್ದರು. ಯಾರಿಗೂ ಗಾಯವಾಗದ ಇಂಥ ಹೊತ್ತಿನಲ್ಲೇ ರಿಪಬ್ಲಿಕನ್ ರಾಜ್ಯವೊಂದು ಮುಂದೆ ಬಂದರೆ ಒಪ್ಪಂದಕ್ಕೆ ಮರ್ಯಾದೆ ಬರುತ್ತಿತ್ತು.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. 2028ರ ಫಲಿತಾಂಶದ ದಿನ ಕೆಂಪು, ನೀಲಿ ಬಳಿದ ನಕ್ಷೆಯನ್ನಷ್ಟೇ ಅಚ್ಚು ಹಾಕಬೇಡಿ. ಪ್ರತಿ ರಾಜ್ಯದಲ್ಲಿ ಸೋತವರಿಗೆ ಬಿದ್ದ ಮತಗಳನ್ನೂ ಪಕ್ಕದಲ್ಲಿ ಕೊಡಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ