ಸ್ಕೇಟ್ ಪಾರ್ಕ್ ಬೇಕು, ಹುಲ್ಲಿನ ಮೇಲೆ ಬೇಡ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸ್ಕೇಟ್ ಪಾರ್ಕ್ ಮಾಡುತ್ತಾರಂತೆ. ಒಳ್ಳೆಯದೇ. ಈಗ ಹುಡುಗರು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಸ್ಕೇಟ್‌ಬೋರ್ಡ್ ಓಡಿಸಿ ವಾಚ್‌ಮನ್ ಹತ್ತಿರ ಬೈಸಿಕೊಳ್ಳುತ್ತಿದ್ದಾರೆ. ಇದೆಲ್ಲ ಪೋಲಿ ಆಟ ಅನ್ನುವ ಹಿರಿಯರೂ ಇದ್ದಾರೆ. ಟೋಕಿಯೊ ಒಲಿಂಪಿಕ್ಸಿಗೆ ಈ ಆಟ ಮೊದಲ ಸಲ ಸೇರಿದಾಗ, 2021ರಲ್ಲಿ, ಜಪಾನಿನ ಮೊಮಿಜಿ ನಿಶಿಯಾ ಚಿನ್ನ ಗೆದ್ದಳು. ಅವಳಿಗೆ ಆಗ 13 ವರ್ಷ.

ನನ್ನ ತಕರಾರು ಇರುವುದು ನಕ್ಷೆಯ ಬಗ್ಗೆ. ನಿವಾಸಿಗಳ ಸಭೆಯಲ್ಲಿ ಅದನ್ನು ತೋರಿಸಿದರು. ಪಾರ್ಕಿನ ನಡುವಿನ ಹುಲ್ಲು ಕಿತ್ತು, ಎರಡು ಹೊಂಗೆ ಮರ ಕಡಿದು, ಸುಮಾರು 600 ಚದರ ಮೀಟರ್ ಕಾಂಕ್ರೀಟ್ ಹಾಕುತ್ತಾರೆ. ಸುತ್ತ ಒಂದಷ್ಟು ಹೂಕುಂಡ. ಮೇಲೆ ‘ಪರಿಸರಸ್ನೇಹಿ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು! ನಾನು ಗಾರೆ ಕೆಲಸದ ಗುತ್ತಿಗೆದಾರ. ಕಾಂಕ್ರೀಟೇ ನನಗೆ ಅನ್ನ ಹಾಕುವುದು. ಆದರೂ ಹೇಳುತ್ತೇನೆ, ಮೊದಲು ಕಾಂಕ್ರೀಟ್ ಆಗಲೇ ಬಿದ್ದಿರುವ ಜಾಗ ಹುಡುಕಿ. ಅದೇ ಪಾರ್ಕಿನ ಮೂಲೆಯಲ್ಲಿ ಹಳೆಯ ಬ್ಯಾಸ್ಕೆಟ್‌ಬಾಲ್ ಅಂಗಳ ಇದೆ. ಈಗ ಅಲ್ಲಿ ಯಾರೂ ಆಡುವುದಿಲ್ಲ. ಮುರಿದ ಜಾರುಬಂಡೆ, ಕಾಲಿಲ್ಲದ ಬೆಂಚುಗಳನ್ನು ಪೇರಿಸಿಟ್ಟಿದ್ದಾರೆ, ಅಷ್ಟೇ. ಅಲ್ಲಿ ಮಾಡಿದರೆ ಯಾವ ಮರಕ್ಕೂ ಕೊಡಲಿ ಹಾಕಬೇಕಿಲ್ಲ.

ಇನ್ನು ನೀರಿನ ವಿಷಯ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. 600 ಚದರ ಮೀಟರಿಗೆ ಲೆಕ್ಕ ಹಾಕಿ, ಹತ್ತಿರ ಹತ್ತಿರ 5.8 ಲಕ್ಷ ಲೀಟರ್. ಹುಲ್ಲಿದ್ದರೆ ಒಂದಷ್ಟು ಇಂಗುತ್ತದೆ. ಕಾಂಕ್ರೀಟ್ ಆದರೆ ಸೀದಾ ಮೋರಿಗೆ, ಮೋರಿ ತುಂಬಿದರೆ ಕೆಳಗಿನ ಬೀದಿಯವರ ಮನೆಗೆ. ಡೆನ್ಮಾರ್ಕಿನ ರೋಸ್ಕಿಲ್ಡೆ ಊರಿನಲ್ಲಿ 2012ರಲ್ಲಿ ಮಳೆನೀರಿನ ಕಾಲುವೆಯನ್ನೇ ಸ್ಕೇಟ್ ಪಾರ್ಕ್ ಆಗಿ ಕಟ್ಟಿದರು. ಒಣಗಿದ್ದಾಗ ಅದರಲ್ಲಿ ಆಟ, ಜೋರು ಮಳೆ ಬಂದಾಗ ಅಲ್ಲೇ ನೀರು ನಿಲ್ಲುತ್ತದೆ. ಅಷ್ಟು ದೊಡ್ಡದು ನಮಗೆ ಬೇಡ. ಸ್ಕೇಟ್ ಪಾರ್ಕಿನ ಬೋಗುಣಿಗೆ, ಅಂದರೆ ಬೋರ್ಡ್ ಇಳಿಸಿ ಹತ್ತಿಸುವ ಬಾಗುಗೋಡೆಯ ಗುಂಡಿಗೆ, ಹೇಗೂ ತಳದಲ್ಲಿ ಒಂದು ಜಾಲರಿ ಕೂರಿಸಲೇಬೇಕು. ಅಲ್ಲಿಂದ ಪೈಪ್ ಎಳೆದು, ಹೂಳು ನಿಲ್ಲುವ ಒಂದು ಚೇಂಬರ್ ದಾಟಿಸಿ, ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿಗೆ ಬಿಟ್ಟರಾಯಿತು. ಸಿಮೆಂಟ್ ರಿಂಗ್ ಇಳಿಸಿ ಇಂಥ ಬಾವಿ ತೋಡುವವರು ನಮ್ಮ ಊರಲ್ಲೇ ಇದ್ದಾರೆ. 30×40 ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೇ ಮಳೆನೀರು ಕೊಯ್ಲು ಕಡ್ಡಾಯ. ಪಾರ್ಕಿಗೂ ಅದೇ ನ್ಯಾಯ ಇರಲಿ, ಅಲ್ವಾ?

ಕಾಂಕ್ರೀಟಿಗೆ ಬಳಸುವ ಮಾಲಿನ ಬಗ್ಗೆಯೂ ನಕ್ಷೆಯಲ್ಲಿ ಒಂದಕ್ಷರ ಇಲ್ಲ. ಸಿಮೆಂಟಿಗಾಗಿ ಸುಣ್ಣಕಲ್ಲು ಸುಟ್ಟು ಒಂದು ಟನ್ ಕ್ಲಿಂಕರ್ (ಪುಡಿಮಾಡಿದರೆ ಸಿಮೆಂಟ್ ಆಗುವ ಗಟ್ಟಿ) ಮಾಡುವಾಗ 800 ಕಿಲೋಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಸಿಮೆಂಟಿನ ಒಂದು ಪಾಲಿನ ಬದಲು ಬೆರೆಸಿ ಇದನ್ನು ಕಡಿಮೆ ಮಾಡುವ ಸಾಮಾನು ನಮ್ಮ ರಾಜ್ಯದಲ್ಲೇ ಸಿಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಅನ್ನುವ ಕಿಟ್ಟ, ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಹಾರುಬೂದಿ. ಆದರೆ ಇವು ಬೆರೆತ ಕಾಂಕ್ರೀಟಿಗೆ ಕ್ಯೂರಿಂಗ್, ಅಂದರೆ ನೀರುಣಿಸುವುದು, ಜಾಸ್ತಿ ಬೇಕು. ಬರೀ ಸಿಮೆಂಟಿಗೆ ಕನಿಷ್ಠ 7 ದಿನ, ಇದಕ್ಕೆ ಕನಿಷ್ಠ 10 ದಿನ ಅನ್ನುತ್ತದೆ ಕಟ್ಟಡ ಕೆಲಸಕ್ಕಿರುವ ನಮ್ಮ ದೇಶದ ಐಎಸ್ ಕೋಡ್. ಗೋಣಿಚೀಲ ಹೊದಿಸಿ ತೇವ ಆರದಂತೆ ನೋಡಿಕೊಳ್ಳಬೇಕು. ಉದ್ಘಾಟನೆಯ ತಾರೀಖು ಮೊದಲೇ ಗೊತ್ತುಮಾಡಿಕೊಂಡು ಬರುವವರಿಗೆ ಈ ತಾಳ್ಮೆ ಇರುವುದಿಲ್ಲ. ಅಡಿಪಾಯಕ್ಕೆ ಸಿಮೆಂಟ್ ಕಡಿಮೆ ಬೆರೆಸಿ ಹಾಕುವ ಬಡ ಕಾಂಕ್ರೀಟಿಗಂತೂ ಹೊಸ ಜಲ್ಲಿಯೇ ಬೇಕಿಲ್ಲ. ಒಡೆದ ಕಟ್ಟಡಗಳ ಕಾಂಕ್ರೀಟ್ ಪುಡಿಮಾಡಿ, ಸೋಸಿದ ಜಲ್ಲಿ ಸಾಕು, ಕೋಡ್ ಕೂಡ ಒಪ್ಪುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಉಳಿತಾಯ ಅಂದರೆ ಒಂದೇ ಸಲಕ್ಕೆ ಸರಿಯಾಗಿ ಮಾಡುವುದು. ಸ್ಕೇಟ್‌ಬೋರ್ಡಿನ ಚಕ್ರ ಐದು ಸೆಂಟಿಮೀಟರ್ ಆಸುಪಾಸು. ಕಿತ್ತುಬಂದ ಒಂದು ಜಲ್ಲಿ ಚೂರು ಸಿಕ್ಕರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ಮಗು ಮುಂದಕ್ಕೆ ಹಾರುತ್ತದೆ. ಬೋಗುಣಿಯ ಬಾಗಿದ ಗೋಡೆಗೆ ಮಿಕ್ಸರ್ ಲಾರಿಯಿಂದ ಸುರಿದು ಮಟ್ಟಗೋಲು ಎಳೆದರೆ ಆಗುವುದಿಲ್ಲ. ಪ್ಲೈವುಡ್ಡಿನಲ್ಲಿ ಬಾಗು ಕತ್ತರಿಸಿ, ಅದರ ಅಳತೆಗೆ ಕೈಯಲ್ಲೇ ಉಜ್ಜಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಾಲು ಬೆರಳಿಗೆ ಅಂಟಬಾರದು. ಆಗ ಸ್ಟೀಲ್ ಕರಣೆ ಹಿಡಿಯಬೇಕು. ಅದಕ್ಕೂ ಮುಂಚೆ ಉಜ್ಜಿದರೆ ನೀರು ಮೇಲೆ ಬಂದು ಆಮೇಲೆ ಪುಡಿ ಏಳುತ್ತದೆ. ತಡಮಾಡಿದರೆ ಕರಣೆಯೇ ಓಡುವುದಿಲ್ಲ. ಎರಡೇ ವರ್ಷಕ್ಕೆ ಪದರ ಎದ್ದು, ಒಡೆದು ಮತ್ತೆ ಹಾಕಿದರೆ ಸ್ಲ್ಯಾಗು, ಬೂದಿ ಯಾವುದು ಬೆರೆಸಿದರೂ ದಂಡ.

ಹೊಂಗೆ ಮರದ ಬಗ್ಗೆ ಹುಡುಗರಿಗೂ ಒಂದು ಮಾತು. ಹೂ ಉದುರುವ ಕಾಲದಲ್ಲಿ ಬೆಳಿಗ್ಗೆ ಪೊರಕೆ ಹಿಡಿದು ಗುಡಿಸಿಕೊಳ್ಳಿ. ನೆರಳು ಪುಕ್ಕಟೆ ಸಿಗುತ್ತಿದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಬಿದ್ದವರಿಗೆ ಅದರ ಬೆಲೆ ಗೊತ್ತು.

ಸಂಬಂಧಪಟ್ಟವರಲ್ಲಿ ನಾನು ಕೇಳುವುದು ಇಷ್ಟು. ಟೆಂಡರ್ ಕರೆಯುವ ಮುಂಚೆ ನಕ್ಷೆಯನ್ನು ಪಾರ್ಕಿನ ಗೇಟಿನಲ್ಲಿ ಕನ್ನಡದಲ್ಲಿ ಹಾಕಿ, ಆಡುವ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಮಾತಾಡಿ. ಬಾಗಿದ ಗೋಡೆಯ ಕೆಲಸಕ್ಕೆ ಫುಟ್‌ಪಾತಿನ ಚದರಡಿ ರೇಟ್ ಹಾಕಬೇಡಿ. ಆ ರೇಟಿಗೆ ಒಳ್ಳೆಯ ಮೇಸ್ತ್ರಿ ಬರುವುದಿಲ್ಲ. ಇಂಗುಬಾವಿಯ ಚೇಂಬರಿನ ಹೂಳು ಯಾರು ತೆಗೆಯಬೇಕು ಎಂಬುದನ್ನೂ ಟೆಂಡರಿನಲ್ಲೇ ಬರೆಯಿರಿ.

– ಗಾರೆ ಕೆಲಸದ ಗುತ್ತಿಗೆದಾರ, ವಿಜಯನಗರ, ಬೆಂಗಳೂರು